ಬೋಯರ್ ಯುದ್ಧದ ರಾವುತರು ಮತ್ತು ಅವರ ಗುಂಪುಚಿತ್ರ

ಬ್ರಿಟಿಷ್ ಸಾಮ್ರಾಜ್ಯಕ್ಕೂ ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲ್, ಆರೆಂಜ್ ಫ್ರೀ ಸ್ಟೇಟ್ ಎಂಬ ಎರಡು ಗಣರಾಜ್ಯಗಳಿಗೂ ನಡುವೆ 1899ರ ಅಕ್ಟೋಬರ್ 11ರಿಂದ 1902ರ ಮೇ 31ರವರೆಗೆ ನಡೆದ ಕಾಳಗವನ್ನು ಬೋಯರ್ ಯುದ್ಧವೆಂದು ಕರೆಯುವುದು ರೂಢಿ. ಡಚ್ ಭಾಷೆಯಲ್ಲಿ ಬೋಯರ್ ಎಂದರೆ ಬೇಸಾಯಗಾರ. ಹದಿನೇಳನೆಯ ಶತಮಾನದಿಂದ ಕೇಪ್ ಪ್ರಾಂತ್ಯದಲ್ಲಿ ನೆಲೆಯೂರಿ, ಮುಂದೆ ಬ್ರಿಟಿಷರ ಆಳ್ವಿಕೆಯನ್ನು ಒಲ್ಲದೆ ಎತ್ತಿನ ಗಾಡಿಗಳಲ್ಲಿ ಒಳನಾಡಿಗೆ ಸರಿದುಹೋದ ಬಿಳಿಯ ಒಕ್ಕಲು ಜನರಿಗೆ ಆ ಹೆಸರು ನಿಂತಿತು. ಅವರ ನೆಲದಲ್ಲಿ 1886ರಲ್ಲಿ ಚಿನ್ನದ ಗಣಿಗಳು ಕಂಡುಬಂದ ಮೇಲೆ ಬ್ರಿಟಿಷರಿಗೆ ಆ ಗಣರಾಜ್ಯಗಳ ಮೇಲಿದ್ದ ಆಸಕ್ತಿ ಎಷ್ಟು ಬೆಳೆಯಿತೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಈ ಯುದ್ಧ ಉಳಿಸಿಹೋಗಿರುವ ದಾಖಲೆಗಳಲ್ಲಿ ಸಂಖ್ಯೆಯಿಂದಲೂ ಹರವಿನಿಂದಲೂ ಗಮನ ಸೆಳೆಯುವಂಥವು ವಸಾಹತುಗಳ ಕುದುರೆ ಪಡೆಗಳು ತೆಗೆಸಿಕೊಂಡ ಗುಂಪುಚಿತ್ರಗಳು. ಆಸ್ಟ್ರೇಲಿಯ, ಕೆನಡ, ನ್ಯೂಜಿಲೆಂಡ್ ದೇಶಗಳ ವಸ್ತುಸಂಗ್ರಹಾಲಯಗಳಲ್ಲೂ ಊರಿನ ಸಭಾಭವನಗಳ ಗೋಡೆಗಳ ಮೇಲೂ ಕಾಣಸಿಗುವ ಈ ಚಿತ್ರಗಳನ್ನು ಸಾಮಾನ್ಯವಾಗಿ ಶೌರ್ಯದ ಸಾಕ್ಷಿಯೆಂದು ನೋಡಲಾಗುತ್ತದೆ. ಆದರೆ ಅವುಗಳನ್ನು ಒಂದು ಹಾಜರಿ ಪಟ್ಟಿಯೆಂದು ಓದುವುದು ಹೆಚ್ಚು ಫಲಕಾರಿ. ಏಕೆಂದರೆ ಸಾಮ್ರಾಜ್ಯವು ಯಾರನ್ನು ಲೆಕ್ಕಕ್ಕೆ ಹಿಡಿಯಿತು, ಯಾರನ್ನು ಕೈಬಿಟ್ಟಿತು ಎಂಬುದು ಅವುಗಳ ಚೌಕಟ್ಟಿನೊಳಗೇ ತೀರ್ಮಾನವಾಗಿದೆ.

‘ವಸಾಹತು ಪಡೆ’ ಎಂಬ ಮಾತಿಗೆ ಆ ಕಾಲದ ಬ್ರಿಟಿಷ್ ಆಡಳಿತದಲ್ಲಿ ಒಂದು ನಿರ್ದಿಷ್ಟ ಅರ್ಥವಿತ್ತು. ಬಿಳಿಯರು ಒಕ್ಕಲಾಗಿ ನೆಲೆಸಿ, ಬಹುಮಟ್ಟಿಗೆ ತಮ್ಮ ಆಡಳಿತವನ್ನು ತಾವೇ ನಡೆಸಿಕೊಳ್ಳುತ್ತಿದ್ದ ಕೆನಡ, ನ್ಯೂಜಿಲೆಂಡ್, ಕೇಪ್, ನೇಟಾಲ್ ಹಾಗೂ ಆಸ್ಟ್ರೇಲಿಯದ ಆರು ವಸಾಹತುಗಳಿಂದ ಬಂದ ಸ್ವಯಂಸೇವಕರು ಮಾತ್ರ ಆ ಹೆಸರಿಗೆ ಅರ್ಹರಾಗಿದ್ದರು. ಭಾರತದ ಸಿಪಾಯಿಗಳು ಅದರೊಳಗೆ ಸೇರುತ್ತಿರಲಿಲ್ಲ. 1901ರ ಜನವರಿ 1ರವರೆಗೆ ಆಸ್ಟ್ರೇಲಿಯ ಎಂಬ ಏಕೀಕೃತ ರಾಜ್ಯವೇ ಇರಲಿಲ್ಲವಾದ್ದರಿಂದ, ಯುದ್ಧದ ಮೊದಲ ವರ್ಷದ ಚಿತ್ರಗಳಲ್ಲಿ ಇರುವವರು ನ್ಯೂ ಸೌತ್ ವೇಲ್ಸಿನವರು, ಕ್ವೀನ್ಸ್‌ಲೆಂಡಿನವರು, ವಿಕ್ಟೋರಿಯದವರು. ಒಂದು ದೇಶದ ಸೈನಿಕ ಪರಂಪರೆಯ ಆರಂಭವೆಂದು ಇಂದು ಎತ್ತಿ ತೋರಿಸಲಾಗುವ ಚಿತ್ರಗಳು ಆ ದೇಶ ಹುಟ್ಟುವುದಕ್ಕೆ ಮುಂಚೆಯೇ ತೆಗೆದವು ಎಂಬುದು ಇಲ್ಲಿನ ಮೊದಲ ಸೋಜಿಗ.

ಇಂಥ ಚಿತ್ರಗಳ ವಿನ್ಯಾಸ ಎಲ್ಲಿ ನೋಡಿದರೂ ಸರಿಸುಮಾರು ಒಂದೇ. ಮುಂದಿನ ಸಾಲಿನವರು ನೆಲದ ಮೇಲೆ ಕಾಲು ಮಡಚಿ ಕೂರುತ್ತಾರೆ, ನಡುವಣ ಸಾಲಿನ ಕುರ್ಚಿಗಳಲ್ಲಿ ಅಧಿಕಾರಿಗಳು, ಅದರಲ್ಲೂ ನಟ್ಟನಡುವೆ ದಳಪತಿ, ಹಿಂದೆ ನಿಂತವರು. ಕುದುರೆಗಳು ಚಿತ್ರದೊಳಕ್ಕೆ ಬರಬೇಕಾದಾಗ ಅವು ಎರಡೂ ಅಂಚುಗಳಲ್ಲೋ ಹಿನ್ನೆಲೆಯಲ್ಲೋ ಲಗಾಮು ಹಿಡಿದವರೊಡನೆ ನಿಲ್ಲುತ್ತವೆ. ಈ ಶಿಸ್ತಿಗೆ ಸೈನ್ಯದ ಶ್ರೇಣಿ ಎಷ್ಟು ಕಾರಣವೋ ಕ್ಯಾಮೆರಾವೂ ಅಷ್ಟೇ ಕಾರಣ. ಆ ಹೊತ್ತಿಗೆ ಬೆಳಕಿಗೆ ಸ್ಪಂದಿಸುವ ಲೇಪವನ್ನು ಮೊದಲೇ ಬಳಿದು ಒಣಗಿಸಿಟ್ಟ ಗಾಜಿನ ಫಲಕಗಳು, ಅಂದರೆ ಒಣಫಲಕಗಳು, ಬಳಕೆಗೆ ಬಂದು ಎರಡು ದಶಕ ಕಳೆದಿತ್ತಾದರೂ, ಮೂರು ಸಾಲುಗಳ ಮುಖಗಳೂ ಒಂದೇ ಸಮನೆ ಸ್ಪಷ್ಟವಾಗಿ ಮೂಡಬೇಕಾದರೆ ಮಸೂರದ ಕಿಂಡಿಯನ್ನು ಕಿರಿದುಗೊಳಿಸಬೇಕಾಗಿತ್ತು. ಕಿಂಡಿ ಕಿರಿದಾದಷ್ಟೂ ಬೆಳಕು ಬೀಳುವ ಅವಧಿ ಹಿಗ್ಗುತ್ತಿತ್ತು. ಮನುಷ್ಯರು ಉಸಿರು ಬಿಗಿಹಿಡಿದು ಕೂತಾರು, ಕುದುರೆಗಳಿಗೆ ಆ ಕಟ್ಟಳೆ ತಿಳಿಯದು. ಹೀಗಾಗಿ ಅನೇಕ ಚಿತ್ರಗಳಲ್ಲಿ ಸವಾರನ ಮೀಸೆಯ ಎಳೆಗಳು ಎಣಿಸುವಷ್ಟು ಸ್ಪಷ್ಟವಾಗಿದ್ದರೆ, ಪಕ್ಕದ ಕುದುರೆಯ ಕಿವಿ, ಬಾಲಗಳು ಮಸುಕಾದ ಗೆರೆಗಳಾಗಿವೆ. ಫಲಕದ ಲೇಪ ಕೆಂಪು ಬಣ್ಣವನ್ನು ಗ್ರಹಿಸುತ್ತಿರಲಿಲ್ಲವಾದ್ದರಿಂದ ಬಿಸಿಲಿಗೆ ಕೆಂಪೇರಿದ ಮುಖಗಳು ಇದ್ದುದಕ್ಕಿಂತ ಕಪ್ಪಾಗಿಯೂ, ನೀಲಿಯ ಆಕಾಶ ಬರಿಯ ಬಿಳಿಯಾಗಿಯೂ ಕಾಣುತ್ತವೆ. ದಕ್ಷಿಣ ಆಫ್ರಿಕದ ಬಯಲುಸೀಮೆಯ ಮೋಡಗಳು ಈ ಚಿತ್ರಗಳಲ್ಲಿ ಇಲ್ಲದಿರುವುದಕ್ಕೆ ಹವೆಯನ್ನು ಕಾರಣವಾಗಿ ಹೇಳುವುದು ತಪ್ಪಾದೀತು. ಇಡೀ ದಂಡನ್ನು ಒಂದೇ ನೋಟದಲ್ಲಿ ಹಿಡಿಯುವ, ಗಡಿಯಾರದ ಯಂತ್ರದಂತೆ ತಿರುಗುವ ಸರ್ಕಟ್ ಎಂಬ ಕ್ಯಾಮೆರಾಕ್ಕೆ ಹಕ್ಕುಪತ್ರ ದೊರೆತದ್ದು 1904ರಲ್ಲಿ, ಯುದ್ಧ ಮುಗಿದ ಮೇಲೆ.

ಚಿತ್ರದಲ್ಲಿರುವವರು ಕುದುರೆಯ ಮೇಲೆ ಬಂದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದರೆ ಲಂಡನ್ನಿನ ಅಧಿಕಾರಿಗಳ ಒಂದು ದೊಡ್ಡ ತಪ್ಪೆಣಿಕೆ ಬಯಲಾಗುತ್ತದೆ. 1899ರ ಅಕ್ಟೋಬರ್ ಮೊದಲ ವಾರದಲ್ಲಿ ವಸಾಹತು ಕಚೇರಿಯಿಂದ ಹೊರಟ ತಂತಿಯಲ್ಲಿ, ಕಾಲಾಳುಗಳು ಅತ್ಯಂತ ಉಪಯುಕ್ತರೆಂದೂ ಅಶ್ವದಳ ಎಲ್ಲಕ್ಕಿಂತ ಕಡಮೆ ಉಪಯೋಗದ್ದೆಂದೂ ವಸಾಹತುಗಳಿಗೆ ತಿಳಿಸಲಾಗಿತ್ತು. ಎದುರಾಳಿಗಳಾದ ಬೋಯರರಾದರೋ ಬಾಲ್ಯದಿಂದಲೇ ಜೀನಿನ ಮೇಲೆ ಬೆಳೆದವರು. ಕರೆ ಬಂದೊಡನೆ ಪ್ರತಿ ಜಿಲ್ಲೆಯ ಗಂಡಸರೂ ಸ್ವಂತ ಕುದುರೆ, ಬಂದೂಕುಗಳೊಡನೆ ಕಲೆಯುತ್ತಿದ್ದ ಪಡೆಗೆ ಅವರು ಇಟ್ಟ ಹೆಸರು ಕಮಾಂಡೊ. ಇಂದು ಜಗತ್ತಿನ ಸೈನ್ಯಗಳೆಲ್ಲ ಬೇರೊಂದು ಅರ್ಥದಲ್ಲಿ ಬಳಸುವ ಆ ಪದ ಈ ಯುದ್ಧದ ಮೂಲಕವೇ ಇಂಗ್ಲಿಷಿನಲ್ಲಿ ಪ್ರಚಾರಕ್ಕೆ ಬಂದಿತು. ಡಿಸೆಂಬರ್ ನಡುವಿನಲ್ಲಿ ಒಂದೇ ವಾರದೊಳಗೆ ಸ್ಟಾರ್ಮ್‌ಬರ್ಗ್, ಮಾಗರ್ಸ್‌ಫಾಂಟೈನ್, ಕೊಲೆನ್ಸೊ ಎಂಬ ಮೂರು ಕಡೆ ಬ್ರಿಟಿಷ್ ಸೈನ್ಯ ಪೆಟ್ಟು ತಿಂದ ಮೇಲೆ ಲಂಡನ್ನಿನ ಬೇಡಿಕೆ ತಲೆಕೆಳಗಾಯಿತು; ಇನ್ನು ಮುಂದೆ ಬರುವವರು ಕುದುರೆಯ ಮೇಲೇ ಬರಬೇಕೆಂದಾಯಿತು. ಯುದ್ಧದುದ್ದಕ್ಕೂ ಹೀಗೆ ವಸಾಹತುಗಳಿಂದ ಹೊರಟವರಲ್ಲಿ ಆಸ್ಟ್ರೇಲಿಯದವರು ಸುಮಾರು 16,000, ಕೆನಡದವರು ಸುಮಾರು 7,000, ಹತ್ತು ತಂಡಗಳಾಗಿ ಹಡಗು ಹತ್ತಿದ ನ್ಯೂಜಿಲೆಂಡಿನವರು ಸುಮಾರು 6,500 ಮಂದಿ. ಎಲ್ಲರಿಗಿಂತ ಮೊದಲು, 1899ರ ನವೆಂಬರ್ 2ರಂದು ಕೇಪ್‌ಟೌನಿನಲ್ಲಿ ಇಳಿದ ಸುಮಾರು 70 ಜನ ನ್ಯೂ ಸೌತ್ ವೇಲ್ಸ್ ಲ್ಯಾನ್ಸರುಗಳು ಆಗ ಇಂಗ್ಲೆಂಡಿನಲ್ಲಿ ತರಬೇತಿ ಪಡೆಯುತ್ತಿದ್ದವರಾದ್ದರಿಂದ ನೇರವಾಗಿ ಅಲ್ಲಿಂದಲೇ ಯುದ್ಧಕ್ಕೆ ಬಂದರು.

ಲ್ಯಾನ್ಸರ್ ಎಂದರೆ ಈಟಿ ಹಿಡಿದ ರಾವುತ. ಕುದುರೆಯ ಓಟದ ಬಲವನ್ನೇ ಆಯುಧವಾಗಿಸಿಕೊಂಡು ಶತ್ರುವಿನ ಮೇಲೆ ನುಗ್ಗುವುದು ಅವನ ಕಸುಬು. ಆದರೆ ವಸಾಹತುಗಳ ಬಹುಪಾಲು ಸವಾರರು ಈ ಅರ್ಥದ ಅಶ್ವದಳದವರಾಗಿರಲಿಲ್ಲ. ಅವರನ್ನು ಕುದುರೆಯೇರಿದ ಕಾಲಾಳುಗಳೆನ್ನುವುದು ಸರಿ: ಕುದುರೆ ಅವರನ್ನು ಕಾಳಗದ ಜಾಗಕ್ಕೆ ಬೇಗ ಮುಟ್ಟಿಸುತ್ತಿತ್ತು, ಅಲ್ಲಿ ಇಳಿದು ನೆಲಕ್ಕೆ ಒರಗಿ ಬಂದೂಕಿನಿಂದ ಹೊಡೆಯುತ್ತಿದ್ದರು. ನಾಲ್ವರ ಒಂದೊಂದು ಗುಂಪಿನಲ್ಲಿ ಮೂವರು ಗುಂಡು ಹಾರಿಸಲು ಇಳಿದರೆ ನಾಲ್ಕನೆಯವನು ನಾಲ್ಕೂ ಕುದುರೆಗಳನ್ನು ಮರೆಗೆ ಒಯ್ದು ಹಿಡಿದು ನಿಲ್ಲಬೇಕಾಗಿತ್ತು. ಅಂದರೆ ದಳದ ಕಾಲುಭಾಗ ಬಲ ಕುದುರೆ ಕಾಯುವುದಕ್ಕೇ ಮೀಸಲು. ಚಿತ್ರಗಳಲ್ಲಿ ಕಾಣುವ ಎದೆಗೆ ಅಡ್ಡಲಾದ ಕಾಡತೂಸಿನ ಪಟ್ಟಿ, ಎಡ ಅಂಚನ್ನು ಮೇಲಕ್ಕೆ ಮಡಚಿದ ಅಗಲ ಟೋಪಿ, ಉದ್ದ ಬಂದೂಕು ಇವು ಈ ಕಸುಬಿನ ಗುರುತುಗಳು. ಸಾರ್ವಜನಿಕರು ಚಂದಾ ಎತ್ತಿ ಕಟ್ಟಿದ ‘ಬುಷ್‌ಮನ್’ ದಳಗಳಿಗೆ ದನಕುರಿಗಳ ಕಾವಲಿನಲ್ಲೇ ಬದುಕಿದ ಒಳನಾಡಿನ ಸವಾರರನ್ನು ಆಯ್ದುಕೊಳ್ಳಲಾಯಿತು. ಅವರಲ್ಲಿ ಕೆಲವರು ತಮ್ಮ ಕುದುರೆಯನ್ನು ತಾವೇ ತಂದರು. ಸ್ವಂತ ಕುದುರೆಯೊಡನೆ ಬರುವ ರಾವುತನನ್ನು ಸಿಲ್ಲೇದಾರನೆಂದು ಕರೆದು, 1799ರ ನಂತರದ ಮೈಸೂರು ಸಂಸ್ಥಾನ ಅಂಥವರದೇ ಒಂದು ಪಡೆ ಇಟ್ಟಿದ್ದುದನ್ನು ಬಲ್ಲ ಕನ್ನಡ ಓದುಗರಿಗೆ ಈ ಏರ್ಪಾಡು ತೀರ ಅಪರಿಚಿತವೆನಿಸದು.

ಕನ್ನಡ ನಾಡಿನ ನೆಲಕ್ಕೂ ಈ ರಾವುತರಿಗೂ ಇದಕ್ಕಿಂತ ನೇರವಾದ ಒಂದು ಸಂಬಂಧವೂ ಉಂಟು. ಅಸ್ಸಾಮಿನ ಚಹಾ ತೋಟಗಾರರ ಸ್ವಯಂಸೇವಕ ದಳದ ಮುಖ್ಯಸ್ಥನಾಗಿದ್ದ ಕರ್ನಲ್ ಡುಗಾಲ್ಡ್ ಲಮ್ಸ್‌ಡನ್, ಡಿಸೆಂಬರ್ ತಿಂಗಳ ಸೋಲುಗಳ ಸುದ್ದಿ ತಿಳಿದೊಡನೆ, ಭಾರತದಲ್ಲಿದ್ದ ಯುರೋಪಿಯನ್ ತೋಟಗಾರರಿಂದ ಒಂದು ಕುದುರೆ ಪಡೆ ಕಟ್ಟುವ ಪ್ರಸ್ತಾಪವನ್ನು ಸರ್ಕಾರದ ಮುಂದಿಟ್ಟು, ಅದಕ್ಕಾಗಿ ತನ್ನ ಕೈಯಿಂದ 50,000 ರೂಪಾಯಿ ಕೊಡಲು ಮುಂದಾದನು. ‘ಲಮ್ಸ್‌ಡನ್ಸ್ ಹಾರ್ಸ್’ ಎಂಬ ಹೆಸರಿನ ಆ 250 ಜನರ ಪಡೆ 1900ರ ಫೆಬ್ರವರಿ ಕೊನೆ ಹಾಗೂ ಮಾರ್ಚ್ ಮೊದಲಲ್ಲಿ ಎರಡು ಹಡಗುಗಳಲ್ಲಿ ಕಲ್ಕತ್ತೆಯಿಂದ ಹೊರಟಿತು. ಬಿಹಾರದ ನೀಲಿ ತೋಟಗಾರರು, ಅಸ್ಸಾಮಿನ ಚಹಾ ತೋಟಗಾರರೊಂದಿಗೆ ಕೊಡಗು ಮತ್ತು ಮೈಸೂರು ಸ್ವಯಂಸೇವಕ ದಳದ ಅಧಿಕಾರಿಯೂ ಸವಾರರೂ ಅದರಲ್ಲಿದ್ದರು. ಕಾಫಿ ತೋಟಗಳ ದೊರೆಗಳೆಂದು ಮಲೆನಾಡಿನವರು ಕರೆಯುತ್ತಿದ್ದ ಬಿಳಿಯರೇ ಇವರು. 1900ರ ಏಪ್ರಿಲ್ 30ರಂದು ಹೌಟ್‌ನೆಕ್ ಎಂಬಲ್ಲಿ ನಡೆದ ಮೊದಲ ದೊಡ್ಡ ಚಕಮಕಿಯಲ್ಲಿಯೇ ಪಡೆಯ ಎರಡನೆಯ ಅಧಿಕಾರಿ ಮೇಜರ್ ಷವರ್ಸ್ ಗುಂಡಿಗೆ ಬಲಿಯಾದನು. 1903ರಲ್ಲಿ ಅಚ್ಚಾದ ಪಡೆಯ ಇತಿಹಾಸ ಗ್ರಂಥ ಈ ತೋಟಗಾರರನ್ನು ಹೆಸರು ಹೆಸರಾಗಿ ದಾಖಲಿಸಿದೆ. ಅವರು ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಬಿಟ್ಟುಹೋದ ತೋಟಗಳಲ್ಲಿ ಆ ವರ್ಷ ಹಣ್ಣು ಬಿಡಿಸಿದ ಆಳುಗಳಿಗೆ ಅಂಥ ಗ್ರಂಥದಲ್ಲಿ ಜಾಗವಿರಬೇಕೆಂದು ಆಗ ಯಾರೂ ನಿರೀಕ್ಷಿಸಿರಲಾರರು.

ಗುಂಪುಚಿತ್ರವೊಂದನ್ನು ಅದರ ಮುಂದಿನ ಕತೆಯೊಡನೆ ಕೂಡಿಸಿ ಓದಿದರೆ ಏನಾಗುತ್ತದೆಂಬುದಕ್ಕೆ ‘ಬುಷ್‌ವೆಲ್ಟ್ ಕಾರ್ಬಿನಿಯರ್ಸ್’ ಪಡೆಯ ಆರು ಮಂದಿ ಅಧಿಕಾರಿಗಳು ಒಟ್ಟಾಗಿರುವ ಛಾಯಾಚಿತ್ರ ತಕ್ಕ ಉದಾಹರಣೆ. 1901ರ ಆರಂಭದಲ್ಲಿ ಕಟ್ಟಿದ, ಸುಮಾರು 320 ಜನರ ಈ ಪಡೆಗೆ ಟ್ರಾನ್ಸ್‌ವಾಲಿನ ಉತ್ತರದ ಕುರುಚಲು ಕಾಡಿನಲ್ಲಿ ಬೋಯರ್ ಗೆರಿಲ್ಲಾಗಳನ್ನು ಬೇಟೆಯಾಡುವ ಕೆಲಸ ಬಿದ್ದಿತ್ತು. ಚಿತ್ರದಲ್ಲಿರುವವರು ಕ್ಯಾಪ್ಟನ್ ಹಂಟ್, ಕ್ಯಾಪ್ಟನ್ ಟೇಲರ್, ಲೆಫ್ಟಿನೆಂಟರಾದ ಮೊರಾಂಟ್, ಹ್ಯಾಂಡ್‌ಕಾಕ್, ಪಿಕ್ಟನ್ ಮತ್ತು ಪಡೆಯ ವೈದ್ಯ. ಇವರಲ್ಲಿ ಹ್ಯಾರಿ ಮೊರಾಂಟ್ ಹುಟ್ಟಿನಿಂದ ಇಂಗ್ಲೆಂಡಿನವನಾದರೂ ಆಸ್ಟ್ರೇಲಿಯದಲ್ಲಿ ಮೊಂಡು ಕುದುರೆಗಳನ್ನು ಪಳಗಿಸಿ ‘ಬ್ರೇಕರ್’ ಎಂಬ ಅಡ್ಡಹೆಸರು ಗಳಿಸಿದ್ದವನು, ಪತ್ರಿಕೆಗಳಿಗೆ ಲಾವಣಿಗಳನ್ನು ಬರೆಯುತ್ತಿದ್ದವನು. ಪೀಟರ್ ಹ್ಯಾಂಡ್‌ಕಾಕ್ ಕಸುಬಿನಲ್ಲಿ ಕಮ್ಮಾರ, ಲಾಳ ಕಟ್ಟುವವನು, ಪಡೆಯಲ್ಲಿ ಕುದುರೆಗಳ ಆರೈಕೆಯ ಅಧಿಕಾರಿ. 1901ರ ಆಗಸ್ಟ್ ಮೊದಲ ವಾರದ ಒಂದು ರಾತ್ರಿ ತೋಟದ ಮನೆಯೊಂದರ ಮೇಲೆ ನಡೆದ ದಾಳಿಯಲ್ಲಿ ಹಂಟ್ ಸತ್ತನು. ಗೆಳೆಯನ ಸಾವಿನಿಂದ ಕೆರಳಿದ ಮೊರಾಂಟ್ ಮುಂದಿನ ವಾರಗಳಲ್ಲಿ ಸೆರೆಸಿಕ್ಕ ಬೋಯರರನ್ನು ಗುಂಡಿಟ್ಟು ಕೊಲ್ಲಿಸಿದನು. ಆಗಸ್ಟ್ 23ರಂದು ಒಂದೇ ಸಲಕ್ಕೆ ಎಂಟು ಮಂದಿ ಸತ್ತರು. ಸೈನಿಕ ನ್ಯಾಯಾಲಯದ ವಿಚಾರಣೆಯ ನಂತರ ಮೊರಾಂಟನನ್ನೂ ಹ್ಯಾಂಡ್‌ಕಾಕನನ್ನೂ 1902ರ ಫೆಬ್ರವರಿ 27ರಂದು ಪ್ರಿಟೋರಿಯದಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು, ಪಿಕ್ಟನ್ ಹುದ್ದೆ ಕಳೆದುಕೊಂಡನು, ಟೇಲರ್ ಖುಲಾಸೆಯಾದನು. ಒಂದೇ ಚೌಕಟ್ಟಿನೊಳಗಿದ್ದ ಆರು ಮಂದಿಯಲ್ಲಿ ಮೂವರು ವರ್ಷ ಕಳೆಯುವಷ್ಟರಲ್ಲಿ ಸತ್ತರು, ಅವರಲ್ಲಿ ಇಬ್ಬರು ತಮ್ಮವರ ಗುಂಡಿಗೇ. ಕೈದಿಗಳನ್ನು ಹಿಡಿಯಬೇಡಿರೆಂಬ ಮೇಲಿನವರ ಆಜ್ಞೆ ಇತ್ತೆಂಬ ವಾದವನ್ನು ಮೊರಾಂಟನ ಪರ ಇರುವವರು ಇಂದಿಗೂ ಮುಂದಿಡುತ್ತಾರೆ. ಆ ವಾದ ನಿಜವೇ ಆಗಿದ್ದರೂ ಅದರಿಂದ ಮೇಲಿನವರ ತಪ್ಪು ಹೆಚ್ಚುತ್ತದೆಯೇ ಹೊರತು ಕೆಳಗಿನವರದು ಕರಗುವುದಿಲ್ಲ. 1903ರ ಆಸ್ಟ್ರೇಲಿಯದ ರಕ್ಷಣಾ ಕಾಯಿದೆ ತನ್ನ ಸೈನಿಕರ ಮರಣದಂಡನೆಗೆ ಗವರ್ನರ್ ಜನರಲ್ಲರ ಒಪ್ಪಿಗೆ ಬೇಕೆಂದು ವಿಧಿಸಿತು. ಮೊದಲ ಮಹಾಯುದ್ಧದಲ್ಲಿ ಆ ಶಿಕ್ಷೆಗೆ ಗುರಿಯಾದ ನೂರಕ್ಕೂ ಹೆಚ್ಚು ಆಸ್ಟ್ರೇಲಿಯನ್ ಸೈನಿಕರಲ್ಲಿ ಒಬ್ಬನನ್ನೂ ಕೊಲ್ಲಲಾಗಲಿಲ್ಲ.

ಎದುರು ಪಕ್ಷದವರೂ ಕ್ಯಾಮೆರಾದ ಮುಂದೆ ಬಿಂಕದಿಂದಲೇ ನಿಂತರು. ಬಂದೂಕು ಹಿಡಿದ ಮೂರು ತಲೆಮಾರುಗಳ ಪ್ರತಿನಿಧಿಗಳೆಂದು ಪ್ರಸಿದ್ಧವಾದ ಬೋಯರ್ ಚಿತ್ರವೊಂದರಲ್ಲಿ ಇರುವ ಮೂವರ ವಯಸ್ಸು ಕ್ರಮವಾಗಿ 65, 43 ಮತ್ತು 15. ಸಮವಸ್ತ್ರವಿಲ್ಲದ, ಹೊಲಮನೆಯ ಉಡುಪಿನಲ್ಲೇ ಯುದ್ಧಕ್ಕೆ ಬಂದ ಇಂಥವರನ್ನು ಬಯಲಿನಲ್ಲಿ ಸೋಲಿಸಲಾಗದೆಂದು ಕಂಡಾಗ ಬ್ರಿಟಿಷ್ ದಂಡನಾಯಕ ಲಾರ್ಡ್ ಕಿಚನರ್ ಬೋಯರರ ಮನೆಗಳನ್ನೇ ಗುರಿಯಾಗಿಸಿದನು. ತೋಟದ ಮನೆಗಳು ಸುಟ್ಟವು, ಹೆಂಗಸರು ಮಕ್ಕಳನ್ನು ಬೇಲಿಯೊಳಗಿನ ಶಿಬಿರಗಳಿಗೆ ಸಾಗಿಸಲಾಯಿತು. ಆ ಶಿಬಿರಗಳಲ್ಲಿ ಸುಮಾರು 28,000 ಬೋಯರರು ರೋಗರುಜಿನಗಳಿಂದ ಸತ್ತರು. ಅವರಲ್ಲಿ ಸುಮಾರು 22,000 ಮಂದಿ ಹದಿನಾರು ತುಂಬದ ಮಕ್ಕಳು. ಬೇರೆಯಾಗಿ ಕಟ್ಟಿದ ಶಿಬಿರಗಳಲ್ಲಿ ಕಪ್ಪು ಜನರು ಕನಿಷ್ಠ 14,000 ಮಂದಿ ಸತ್ತರೆಂದು ಎಣಿಸಲಾಗಿದೆ. ಮನೆ ಸುಡುವ ಕೆಲಸ ಬಹುಮಟ್ಟಿಗೆ ಬಿದ್ದದ್ದು ಕುದುರೆ ದಳಗಳ ಮೇಲೆಯೇ.

ಸೆರೆಸಿಕ್ಕ ಬೋಯರರನ್ನು ಸೇಂಟ್ ಹೆಲೆನಾ, ಸಿಲೋನ್, ಬರ್ಮುಡಾ ದ್ವೀಪಗಳಿಗೂ ಭಾರತಕ್ಕೂ ಹಡಗಿನಲ್ಲಿ ಸಾಗಿಸಲಾಯಿತು. ಭಾರತಕ್ಕೆ ಬಂದ ಸುಮಾರು 9,000 ಕೈದಿಗಳಿಗೆ ಅಹಮದ್‌ನಗರ, ತಿರುಚಿರಾಪಳ್ಳಿ, ಅಮೃತಸರ, ಸಿಯಾಲ್‌ಕೋಟ್ ಮುಂತಾದೆಡೆ ಶಿಬಿರಗಳನ್ನು ತೆರೆದಾಗ, ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯೂ ಅವುಗಳಲ್ಲೊಂದಾಯಿತು. ಆಫ್ರಿಕದ ಹುಲ್ಲುಗಾವಲಿನಲ್ಲಿ ಕುದುರೆಯ ಮೇಲೆ ಹುಟ್ಟಿ ಬೆಳೆದವರು ಬಳ್ಳಾರಿಯ ಬಿಸಿಲಿನಲ್ಲಿ ಕುದುರೆಯಿಲ್ಲದೆ ದಿನ ಎಣಿಸಿದರು. ಕೊಡಗಿನ ತೋಟಗಾರರು ಅತ್ತ ಹೋದದ್ದು, ಟ್ರಾನ್ಸ್‌ವಾಲಿನ ಒಕ್ಕಲುಗಳು ಇತ್ತ ಬಂದದ್ದು ಒಂದೇ ಯುದ್ಧದ ಲೆಕ್ಕಕ್ಕೆ ಸೇರಿದ ಸಂಗತಿಗಳಾದರೂ ಇವೆರಡನ್ನೂ ಒಟ್ಟಿಗಿಟ್ಟು ನೋಡುವ ರೂಢಿ ನಮ್ಮ ಪ್ರಾದೇಶಿಕ ಇತಿಹಾಸದಲ್ಲಿ ಬೆಳೆಯಲಿಲ್ಲ.

ಇನ್ನು ಚೌಕಟ್ಟಿನ ಹೊರಗೆ ಉಳಿದವರ ಮಾತು. ಇದು ಬಿಳಿಯರ ಯುದ್ಧ, ಇದರಲ್ಲಿ ಬಿಳಿಯರಲ್ಲದವರ ಕೈಗೆ ಬಂದೂಕು ಕೊಡಬಾರದು ಎಂಬುದು ಎರಡೂ ಪಕ್ಷಗಳು ಬಾಯಲ್ಲಿ ಒಪ್ಪಿಕೊಂಡಿದ್ದ ನಿಯಮ. ಆಚರಣೆಯಲ್ಲಿ ಬ್ರಿಟಿಷರ ಕಡೆ ಕಡಮೆಯೆಂದರೂ 10,000 ಕಪ್ಪು ಜನರ ಕೈಯಲ್ಲಿ ಬಂದೂಕಿತ್ತು, ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜನ ಗಾಡಿ ಹೊಡೆಯುವ, ದಾರಿ ತೋರುವ, ಬೇಹು ನಡೆಸುವ ಕೆಲಸ ಮಾಡಿದರು. ಭಾರತದ ಸಿಪಾಯಿಗಳನ್ನು ಕಾಳಗದಿಂದ ದೂರವಿಟ್ಟರೂ ಕುದುರೆ ಮಾಲೀಸಿನ ಕಾಸದಾರರು, ಲಾಳ ಕಟ್ಟುವವರು, ನೀರು ಹೊರುವ ಭಿಸ್ತಿಗಳು, ಅಗಸರು ಇಲ್ಲದೆ ಸೈನ್ಯ ನಡೆಯುತ್ತಿರಲಿಲ್ಲವಾದ್ದರಿಂದ ಅವರನ್ನು ಸಾವಿರಗಟ್ಟಲೆ ಕರೆಸಿಕೊಳ್ಳಲಾಯಿತು. ಗುಂಪುಚಿತ್ರಗಳ ಅಂಚಿನಲ್ಲಿ ಒಮ್ಮೊಮ್ಮೆ ಕುದುರೆಯ ಲಗಾಮು ಹಿಡಿದು ನಿಂತ ಕಪ್ಪು ಮೈಯ ಆಳೊಬ್ಬ ಕಾಣಿಸಿಕೊಳ್ಳುತ್ತಾನೆ. ಉಳಿದವರಿಗೆಲ್ಲ ಹೆಸರು ಬರೆದ ಶೀರ್ಷಿಕೆಯಲ್ಲಿ ಅವನ ಹೆಸರು ಇರುವುದು ಅಪರೂಪ.

ಇದಕ್ಕೆ ಅಪವಾದವೆನ್ನಬಹುದಾದ ಒಂದು ಗುಂಪುಚಿತ್ರವಿದೆ. ನೇಟಾಲಿನ ಭಾರತೀಯರು 1899ರ ಡಿಸೆಂಬರಿನಲ್ಲಿ ಕಟ್ಟಿದ ಗಾಯಾಳು ಸಾಗಣೆಯ ದಳದಲ್ಲಿ ಸುಮಾರು 1,100 ಜನರಿದ್ದು, ಅವರಲ್ಲಿ ಸುಮಾರು 800 ಮಂದಿ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ದುಡಿಯಲು ಬಂದಿದ್ದ ಕೂಲಿಗಳು. ಕೊಲೆನ್ಸೊ ಮತ್ತು ಸ್ಪಿಯಾನ್ ಕಾಪ್ ಕಾಳಗಗಳಲ್ಲಿ ಅವರು ದಿನಕ್ಕೆ 20ರಿಂದ 25 ಮೈಲಿ ದೂರ ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತು ನಡೆದದ್ದುಂಟು. ದಳದ ನಾಯಕರು ತೆಗೆಸಿಕೊಂಡ ಚಿತ್ರದಲ್ಲಿ, ರೆಡ್‌ಕ್ರಾಸ್ ಪಟ್ಟಿ ತೋಳಿಗೆ ಕಟ್ಟಿದವರ ನಡುವೆ, ದಪ್ಪ ಮೀಸೆಯ, ಮೂವತ್ತು ವರ್ಷದ ಬ್ಯಾರಿಸ್ಟರ್ ಮೋಹನದಾಸ ಗಾಂಧಿ ಕುಳಿತಿದ್ದಾರೆ. ಸಾಲುಗಳ ಜೋಡಣೆ, ನಡುವಿನವರಿಗೆ ಸಲ್ಲುವ ಮರ್ಯಾದೆ, ಕ್ಯಾಮೆರಾದತ್ತ ನೆಟ್ಟ ಕಣ್ಣು ಎಲ್ಲವೂ ರಾವುತರ ಚಿತ್ರಗಳ ಮಾದರಿಯವೇ. ಇಲ್ಲದಿರುವುದು ಕುದುರೆ ಮತ್ತು ಬಂದೂಕು. ಸಾಮ್ರಾಜ್ಯದ ಪ್ರಜೆಗಳಾಗಿ ತಮ್ಮನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬ ಮನವಿಯನ್ನು ಆ ಚಿತ್ರದಷ್ಟು ಮರ್ಯಾದೆಯಿಂದ ಹೇಳಿದ ಕಾಗದಪತ್ರ ಆ ಯುದ್ಧದಲ್ಲಿ ಸಿಗುವುದು ಕಷ್ಟ. ಆದರೆ ಡೋಲಿ ಹೊತ್ತ ಕೂಲಿಗಳಲ್ಲಿ ಬಹುಪಾಲು ಮಂದಿ ಆ ಚಿತ್ರದಲ್ಲೂ ಇಲ್ಲ.

ರಾವುತರ ಅನೇಕ ಚಿತ್ರಗಳಲ್ಲಿ ಕಂಡೂ ಯಾವುದರಲ್ಲೂ ಎಣಿಕೆಗೆ ಬಾರದಿರುವುದು ಕುದುರೆ. ಬ್ರಿಟಿಷ್ ಸೈನ್ಯ ಈ ಯುದ್ಧಕ್ಕೆ ಕೊಂಡುತಂದ ಸುಮಾರು 5 ಲಕ್ಷ 18 ಸಾವಿರ ಕುದುರೆಗಳಲ್ಲಿ ಸುಮಾರು 3 ಲಕ್ಷ 26 ಸಾವಿರ ಸತ್ತವು. ಹೇಸರಗತ್ತೆಗಳು ಇದಕ್ಕೆ ಹೊರತು. ಗುಂಡು ತಗಲಿ ಸತ್ತವು ಇವುಗಳಲ್ಲಿ ಸಣ್ಣ ಪಾಲು. ಅರ್ಜೆಂಟೀನಾ, ಹಂಗೇರಿ, ಅಮೆರಿಕ, ಆಸ್ಟ್ರೇಲಿಯಗಳಿಂದ ವಾರಗಟ್ಟಲೆ ಹಡಗಿನ ತಳದಲ್ಲಿ ನಿಂತೇ ಬಂದ ಪ್ರಾಣಿಗಳನ್ನು ಹೊಸ ಹವೆಗೂ ಮೇವಿಗೂ ಒಗ್ಗಲು ಬಿಡದೆ ರೈಲಿಗೆ ತುಂಬಿ, ಸವಾರನೂ ಸರಂಜಾಮೂ ಸೇರಿ 120 ಕಿಲೋಗೂ ಹೆಚ್ಚು ಭಾರವನ್ನು ಹೇರಿ ನೇರ ದಂಡಯಾತ್ರೆಗೆ ನೂಕಲಾಗುತ್ತಿತ್ತು. ಹಸಿವು, ಬಳಲಿಕೆ, ತಗ್ಗು ಪ್ರದೇಶಗಳ ನುಸಿಯಿಂದ ಹರಡುವ ಕುದುರೆ ಜ್ವರ ಉಳಿದ ಕೆಲಸವನ್ನು ಮುಗಿಸಿದವು. 1900ರ ಫೆಬ್ರವರಿ 15ರಂದು ಕಿಂಬರ್ಲಿ ಪಟ್ಟಣಕ್ಕೆ ಬೋಯರರು ಹಾಕಿದ್ದ ಮುತ್ತಿಗೆಯನ್ನು ತೆರವುಗೊಳಿಸಲು ಬ್ರಿಟಿಷ್ ಸೇನಾನಿ ಜನರಲ್ ಫ್ರೆಂಚ್ ನಡೆಸಿದ ಹೆಸರಾಂತ ದೌಡಿನ ಮರುದಿನ ಅವನ ಅಶ್ವದಳದಲ್ಲಿ ಓಡಬಲ್ಲ ಕುದುರೆಗಳಿಗೇ ಬರ ಬಂದಿತ್ತು. ಊರು ಬಿಡುವ ಮುನ್ನ ತೆಗೆಸಿದ ಚಿತ್ರಗಳಲ್ಲಿ ಮಿರುಗುವ ಮೈಯ ಕುದುರೆಗಳು ಇರುವುದಕ್ಕೂ, ಯುದ್ಧದ ಕೊನೆಯ ವರ್ಷದ ಚಿತ್ರಗಳಲ್ಲಿ ಅವು ಸೊರಗಿರುವುದಕ್ಕೂ ಬೇರೆ ವ್ಯಾಖ್ಯಾನ ಬೇಕಿಲ್ಲ.

ಆ ಕುದುರೆಗಳಲ್ಲಿ ಅನೇಕವು ಹಡಗಿನಿಂದ ಇಳಿದದ್ದು ಪೋರ್ಟ್ ಎಲಿಜಬೆತ್ ಬಂದರಿನಲ್ಲಿ. ಅಲ್ಲಿಯ ಜನರು ಚಂದಾ ಕೂಡಿಸಿ 1905ರ ಫೆಬ್ರವರಿಯಲ್ಲಿ ಅವುಗಳ ನೆನಪಿಗೊಂದು ಕಂಚಿನ ಪ್ರತಿಮೆ ನಿಲ್ಲಿಸಿದರು: ಕುದುರೆಯೊಂದು ನಿಂತಿದೆ, ಅದರ ಮುಂದೆ ಮಂಡಿಯೂರಿದ ಸೈನಿಕನೊಬ್ಬ ನೀರಿನ ಬಕೆಟ್ಟನ್ನು ಎತ್ತಿ ಹಿಡಿದಿದ್ದಾನೆ. ವಸಾಹತು ಕಾಲದ ಪ್ರತಿಮೆಗಳ ವಿರುದ್ಧ ದಕ್ಷಿಣ ಆಫ್ರಿಕದಲ್ಲಿ ಚಳವಳಿ ನಡೆದ 2015ರ ಏಪ್ರಿಲ್ ತಿಂಗಳಲ್ಲಿ ಆ ಸೈನಿಕನನ್ನು ಪೀಠದಿಂದ ಕೆಡವಲಾಯಿತು. ಕುದುರೆ ನಿಂತಲ್ಲೇ ನಿಂತಿತ್ತು.